ಶಿಷ್ಯವತ್ಸಲ ಗಾನಯೋಗಿ ಶ್ರೀ ಪಂಚಾಕ್ಷರಿ ಗವಾಯಿಗಳವರು

ನಮ್ಮ ನಾಡಿನ ವೀರಶೈವ ಮಠಗಳ ಚರಿತ್ರೆಯನ್ನು ಅವಲೋಕಿಸುವವರಿಗೆ ಮೂರು ಬಗೆಯ ದಾಸೋಹಗಳು ಎದ್ದು ಕಾಣುವವು. ಹಸಿದು ಬಂದವನಿಗೆ ಅನ್ನವನ್ನಿಕ್ಕುವದು ಮೊದಲನೆಯದು. ನೆಲೆಯಿಲ್ಲದವನಿಗೆ ಆಶ್ರಯವನ್ನೀಯುವದು ಎರಡನೆಯದು. ವಿದ್ಯಾಹೀನನಿಗೆ ವಿದ್ಯೆಯನ್ನು ಕರುಣಿಸುವದು ಮೂರನೆಯದು. ಈ ಮೂರನ್ನೂ ಒಬ್ಬನೇ ಬಾಲಕನಿಗೆ, ಏಕಕಾಲದಲ್ಲಿ, ಅವನಿಗೆ ಅವು ಅತ್ಯವಶ್ಯವಾದ ವಯಸ್ಸಿನಲ್ಲಿ ದೊರಕಿಸಿಕೊಡುವದು ಸಾಮಾನ್ಯವಾದ ಕಾರ್ಯವಲ್ಲ. ಹತ್ತು ವರುಷ ದಾಟಿ ಹದಿನಾರು ತುಂಬುವ ವರೆಗಿನ ಕಾಲವು ಮನುಷ್ಯನ ಆಯುಷ್ಯದಲ್ಲಿ ಬಹು ಸೂಕ್ಷ್ಮವಾದುದು. ಆಗ ಅವನು ತಾಯಿಯ ಮಡಿಲಿನ ಕೂಸೂ ಅಲ್ಲ, ತನ್ನ ಹೊಟ್ಟೆಯನ್ನು ತಾನೇ ಹೊರೆದುಕೊಳ್ಳಬಲ್ಲ ತರುಣನೂ ಅಲ್ಲ. ಆ ಕಾಲದಲ್ಲಿ ಕೈಹಿಡಿಯುವವರು ಸಿಕ್ಕಿದರೆ ಬಾಳು ಬೆಳಗುವದು. ಸಿಕ್ಕದಿದ್ದರೆ ಬೀದಿಯ ಪಾಲಾಗುವದು. ಆ ವಯಸ್ಸಿನ ನೂರಾರು ಬಾಲಕರಿಗೆ, ಅವರಲ್ಲಿಯೂ ಕಣ್ಣಿಲ್ಲದವರಿಗೂ ತಂದೆತಾಯಿಗಳಿಲ್ಲದವರಿಗೂ, ಗುರುವೂ ತಂದೆಯೂ ಆಗಿ ತಮ್ಮ ಜೀವಮಾನವನ್ನೆಲ್ಲ ಸವೆಸಿದ ಗಾನಯೋಗಿ ಶ್ರೀ ಪಂಚಾಕ್ಷರಿ ಗವಾಯಿಗಳವರ ಪುಣ್ಯಚರಿತ್ರೆಯನ್ನು ಶ್ರೀಮಠದ ಈ ಮಹೋತ್ಸವದ ಸಂದರ್ಭದಲ್ಲಿ ಸದ್ಭಕ್ತರ ಮುಂದಿಡುವದು ಉಚಿತವೆಂದು ಭಾವಿಸುತ್ತೇವೆ.

ಗವಾಯಿಗಳವರು ಜನಿಸಿದ್ದು ೧೮೯೨ನೆಯ ಇಸವಿಯಲ್ಲಿ, ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಅಂದು ಧಾರವಾಡ ಜಿಲ್ಲೆಗೆ ಸೇರಿದ್ದ ಆ ಪ್ರಾಂತವು ೧೯೯೭ರಿಂದೀಚೆಗೆ ಹಾವೇರಿ ಜಿಲ್ಲೆಯಲ್ಲಿರುವದು. ಬಡ ಜಂಗಮ ಮನೆತನ. ತಂದೆ ಗುರುಪಾದಯ್ಯನವರು, ತಾಯಿ ನೀಲಮ್ಮನವರು. ಮಗುವಿಗೆ ಇಟ್ಟ ಹೆಸರು ಗದಿಗೆಯ್ಯ. ಈ ಕೂಸಿಗೆ ನೇತ್ರಗಳಿರಲಿಲ್ಲ. ಅಣ್ಣನಾದ ಗುರುಬಸವಯ್ಯನೂ ಹಾಗೆಯೇ ಕಣ್ಣಿಲ್ಲದವನಾಗಿದ್ದನು. ಒಂದೇ ಮನೆಯಲ್ಲಿ ಎರಡು ಕುರುಡು ಮಕ್ಕಳು, ಮನೆಯಲ್ಲಿ ದಾರಿದ್ರ್ಯ. ಆ ತಂದೆತಾಯಿಗಳ ಸಂಕಟವನ್ನು ವಾಚಕರು ತಾವೇ ಊಹಿಸಿಕೊಳ್ಳಬಹುದು. ಆದರೆ ಶಿವನು ಕಣ್ಣನ್ನು ಕೊಡದಿದ್ದ ಆ ಮಕ್ಕಳಿಗೆ ಕಂಠವನ್ನು ಕೊಟ್ಟಿದ್ದನು. ಕಿವಿಯ ಮೇಲೆ ಬಿದ್ದ ಹಾಡನ್ನು ಹಿಡಿದುಕೊಂಡು ಮರಳಿ ಹಾಡುವ ಶಕ್ತಿಯು ಇಬ್ಬರಲ್ಲಿಯೂ ಎಳೆತನದಲ್ಲಿಯೇ ಕಂಡುಬಂದಿತು.

ಅಂದಿನ ಕಾಲದಲ್ಲಿ ಹಳ್ಳಿಯ ಕುರುಡು ಬಾಲಕನಿಗೆ ಯಾವ ದಾರಿಯಿತ್ತೆಂಬುದನ್ನು ಇಂದಿನವರು ಒಂದಿಷ್ಟು ತಿಳಿದುಕೊಳ್ಳುವದು ಅವಶ್ಯವಾಗಿದೆ. ಭರತಖಂಡದಲ್ಲಿ ಅಂಧರಿಗಾಗಿ ಮೊದಲನೆಯ ಶಾಲೆಯು ತೆರೆದುದು ೧೮೮೭ರಲ್ಲಿ, ದೂರದ ಅಮೃತಸರದಲ್ಲಿ. ಮೈಸೂರಿನಲ್ಲಿ ಕಿವುಡರಿಗೂ ಅಂಧರಿಗೂ ಒಂದು ಶಾಲೆಯು ಸ್ಥಾಪಿತವಾದುದು ೧೯೦೧ರಲ್ಲಿ. ಭಾರತದ ಭಾಷೆಗಳಿಗೆಲ್ಲ ಸಾಮಾನ್ಯವಾದ ಬ್ರೇಲ್ ಲಿಪಿಯು ನಿಶ್ಚಿತವಾದುದಂತೂ ೧೯೫೧ರಲ್ಲಿ. ಆದುದರಿಂದ ಹಾನಗಲ್ಲ ಸೀಮೆಯ ಬಾಲಕನಿಗೆ ಶಾಲೆಯೂ ಇರಲಿಲ್ಲ, ಬೆರಳಿನಿಂದ ಓದಬಹುದಾದ ಪುಸ್ತಕವೂ ಇರಲಿಲ್ಲ. ತಂದೆತಾಯಿಗಳು ಇರುವ ವರೆಗೆ ಮನೆಯ ಮೂಲೆ, ಅನಂತರ ಜಾತ್ರೆಯ ದಾರಿಯಲ್ಲಿ ಹಾಸಿದ ಅರಿವೆ, ಇವೆರಡೇ ಅವನ ಪಾಲಿಗೆ ಉಳಿದಿದ್ದವು. ಕಂಠವಿದ್ದವನು ಹಾಡಿ ಬೇಡುತ್ತಿದ್ದನು. ಇಲ್ಲದವನು ಸುಮ್ಮನೆ ಬೇಡುತ್ತಿದ್ದನು. ಗದಿಗೆಯ್ಯನ ಹಾಡು ಕೂಡ ಆ ದಾರಿಯಲ್ಲಿಯೇ ಕರಗಿಹೋಗಬಹುದಾಗಿತ್ತು.

ಹಾಗಾಗದಂತೆ ತಡೆದವರು ಹಾನಗಲ್ಲ ವಿರಕ್ತಮಠದ ಪೂಜ್ಯ ಶ್ರೀ ಕುಮಾರ ಮಹಾಸ್ವಾಮಿಗಳವರು. ೧೮೬೭ರಲ್ಲಿ ರಾಣೆಬೆನ್ನೂರ ತಾಲೂಕಿನ ಜೋಯಿಸರಹರಳಹಳ್ಳಿಯಲ್ಲಿ ಅವತರಿಸಿದ ಆ ಮಹಾತ್ಮರು ಪೂರ್ವಾಶ್ರಮದಲ್ಲಿ ತಾವೇ ಹಳ್ಳಿಯ ಮಕ್ಕಳಿಗೆ ಅಕ್ಷರವನ್ನು ಕಲಿಸಿದವರು. ಸಮಾಜದ ಏಳಿಗೆಗಾಗಿ ೧೯೦೪ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆಯನ್ನು ಕೂಡಿಸಿದವರೂ, ಮಠಗಳಿಗೆ ಯೋಗ್ಯರಾದ ಗುರುಗಳನ್ನು ಸಿದ್ಧಗೊಳಿಸಬೇಕೆಂದು ೧೯೦೯ರಲ್ಲಿ ಬಾದಾಮಿಯ ಸಮೀಪ ಮಲಪ್ರಭಾ ತೀರದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದವರೂ ಅವರೇ ಎಂಬುದು ಭಕ್ತರೆಲ್ಲರಿಗೂ ವಿದಿತವಾದ ಸಂಗತಿ. ಈ ಇಬ್ಬರು ಸೋದರರ ಗಾನವು ಅವರ ಕಿವಿಗೆ ಬಿದ್ದಿತು. ಕೇಳಿ ಮೆಚ್ಚಿ ಆಶೀರ್ವದಿಸಿ ಮುಂದಕ್ಕೆ ಹೋಗುವವರು ಅನೇಕರಿರುವರು. ಸ್ವಾಮಿಗಳವರು ಹಾಗೆ ಮಾಡಲಿಲ್ಲ. ಮಕ್ಕಳ ತಂದೆತಾಯಿಗಳನ್ನು ಒಡಂಬಡಿಸಿ ಅವರ ಪಾಲನೆಯ ಭಾರವನ್ನು ತಾವೇ ವಹಿಸಿಕೊಂಡರು. ಕಣ್ಣಿಲ್ಲದವನಿಗೆ ಕರುಣೆಯಿಂದ ಕೊಟ್ಟ ತುತ್ತು ಒಂದು ಹೊತ್ತಿನದು, ಕೊಟ್ಟ ವಿದ್ಯೆಯು ಆಯುಷ್ಯಪರ್ಯಂತದ್ದು ಎಂಬುದನ್ನು ಅವರು ಬಲ್ಲವರಾಗಿದ್ದರು.

ಸಂಗೀತವನ್ನು ಕಲಿಸಬೇಕೆಂಬ ಸ್ವಾಮಿಗಳವರ ಸಂಕಲ್ಪಕ್ಕೆ ಇನ್ನೊಂದು ಕಾರಣವೂ ಉಂಟು. ಶರಣರ ವಚನಗಳಾಗಲಿ, ನಿಜಗುಣರ ಕೈವಲ್ಯಪದಗಳಾಗಲಿ, ಪುರಾಣಗಳಾಗಲಿ, ಓದುವವರಿಗಿಂತ ಕೇಳುವವರೇ ಹೆಚ್ಚಾಗಿದ್ದ ಕಾಲವದು. ಧರ್ಮವು ಹಳ್ಳಿಯ ಜನರ ಹೃದಯವನ್ನು ಸೇರಬೇಕಾದರೆ ಕಿವಿಯ ಮಾರ್ಗವಾಗಿಯೇ ಸೇರಬೇಕಾಗಿತ್ತು. ಅದಕ್ಕಾಗಿ ಶಾಸ್ತ್ರವನ್ನು ಬಲ್ಲ, ಆಚಾರವುಳ್ಳ ಗಾಯಕರು ಬೇಕಾಗಿದ್ದರು. ಅಂದಿನ ದಿನಗಳಲ್ಲಿ ಉತ್ತಮ ಸಂಗೀತವು ಅರಮನೆಗಳನ್ನೂ ಶ್ರೀಮಂತರ ಮಂದಿರಗಳನ್ನೂ ನಾಟಕ ಮಂಡಳಿಗಳನ್ನೂ ಆಶ್ರಯಿಸಿಕೊಂಡಿದ್ದಿತು. ಅದನ್ನು ಮಠದ ಅಂಗಳಕ್ಕೆ ತರಬೇಕೆಂಬುದು ಪೂಜ್ಯರ ಅಭಿಲಾಷೆ. ಗದಿಗೆಯ್ಯನು ಪಂಚಾಕ್ಷರಿಯಾದುದು ಈ ಗುರುಕರುಣೆಯಲ್ಲಿಯೇ.

ಬಾಲಕನ ಶಿಕ್ಷಣಕ್ಕೆ ಸ್ವಾಮಿಗಳವರು ಯಾವ ಕೊರತೆಯನ್ನೂ ಮಾಡಲಿಲ್ಲ. ಕರ್ನಾಟಕ ಪದ್ಧತಿಯ ಸಂಗೀತಕ್ಕಾಗಿ ಅವನನ್ನು ಮೈಸೂರಿಗೆ ಕಳುಹಿಸಿದರು. ಅನಂತರ ಹಿಂದುಸ್ಥಾನೀ ಪದ್ಧತಿಯನ್ನು ಮಿರಜಿನ ಶ್ರೀ ನೀಲಕಂಠಬುವಾ ಅವರಲ್ಲಿಯೂ ಉಸ್ತಾದ ಅಬ್ದುಲ್ ವಹೀದ ಖಾನರಲ್ಲಿಯೂ ಅಭ್ಯಾಸ ಮಾಡಿಸಿದರು. ನೀಲಕಂಠಬುವಾ ಅವರು ಗ್ವಾಲಿಯರ ಘರಾಣೆಯ ವಿದ್ವಾಂಸರು. ಮುಂದೆ ಭರತಖಂಡದಲ್ಲೆಲ್ಲ ಖ್ಯಾತರಾದ ಶ್ರೀ ಮಲ್ಲಿಕಾರ್ಜುನ ಮನಸೂರರಿಗೂ ಅವರೇ ಗುರುಗಳು. ವಿರಕ್ತ ಪೀಠದ ಜಗದ್ವಂದ್ಯರೊಬ್ಬರು ತಮ್ಮ ಶಿಷ್ಯನನ್ನು ಮುಸಲ್ಮಾನ ಉಸ್ತಾದರ ಬಳಿಯಲ್ಲಿ ಕೂಡ್ರಿಸಿದರೆಂಬುದನ್ನು ಗಮನಿಸಬೇಕು. ವಿದ್ಯೆಯು ಎಲ್ಲಿದ್ದರೂ ತಲೆಬಾಗಿ ಸ್ವೀಕರಿಸಬೇಕೆಂಬ ಪಾಠವನ್ನು ಪಂಚಾಕ್ಷರಿಗಳು ಗುರುವಿನ ನಡೆಯಿಂದಲೇ ಕಲಿತರು. ಮುಂದೆ ತಮ್ಮ ಶಿಷ್ಯರ ವಿಷಯದಲ್ಲಿಯೂ ಅದನ್ನೇ ನಡೆಯಿಸಿದರು.

ಎರಡೂ ಪದ್ಧತಿಗಳನ್ನು ಸಾಧಿಸುವದು ಎಷ್ಟು ಕಷ್ಟವೆಂಬುದನ್ನು ಸಂಗೀತವನ್ನು ಬಲ್ಲವರೇ ಬಲ್ಲರು. ಸಪ್ತಸ್ವರಗಳು ಎರಡಕ್ಕೂ ಸಮಾನವಾದರೂ ಒಂದರಲ್ಲಿ ಎಪ್ಪತ್ತೆರಡು ಮೇಳಗಳ ವ್ಯವಸ್ಥೆ, ಇನ್ನೊಂದರಲ್ಲಿ ಥಾಟುಗಳ ವ್ಯವಸ್ಥೆ. ಒಂದರಲ್ಲಿ ಕೃತಿಯ ಸಾಹಿತ್ಯವೂ ಗಮಕಗಳೂ ಪ್ರಧಾನವಾಗಿದ್ದರೆ, ಇನ್ನೊಂದರಲ್ಲಿ ಖ್ಯಾಲಿನ ಒಂದೆರಡು ಸಾಲುಗಳನ್ನು ಆಧರಿಸಿ ರಾಗವನ್ನು ಮೆಲ್ಲಮೆಲ್ಲನೆ ಅರಳಿಸುವದು ಪ್ರಧಾನವಾಗಿದೆ. ಒಂದೇ ಹೆಸರಿನ ರಾಗವು ಅಲ್ಲಿ ಒಂದು ರೂಪದಲ್ಲಿದ್ದರೆ ಇಲ್ಲಿ ಬೇರೊಂದು ರೂಪದಲ್ಲಿರುವದೂ ಉಂಟು. ತಾಳಗಳ ನಡೆಯೂ ಬೇರೆ. ಕಣ್ಣಿದ್ದವನು ಬರೆದಿಟ್ಟುಕೊಂಡು ಮರೆತಾಗ ತೆರೆದು ನೋಡಬಹುದು. ಕಣ್ಣಿಲ್ಲದವನಿಗೆ ನೆನಪೇ ಪುಸ್ತಕ, ಸಾಧನೆಯೇ ಲೇಖನಿ. ಕೇಳಿದುದನ್ನು ಕೂಡಲೇ ಗ್ರಹಿಸಬೇಕು, ಗ್ರಹಿಸಿದುದನ್ನು ಅಂದೇ ಗಟ್ಟಿಮಾಡಬೇಕು, ಗಟ್ಟಿಮಾಡಿದುದನ್ನು ದಿನದಿನವೂ ಮಥಿಸಬೇಕು. ಇಂಥ ಕಠಿಣವಾದ ತಪಸ್ಸಿನಿಂದ ಪಂಚಾಕ್ಷರಿಗಳು ಎರಡು ಪದ್ಧತಿಗಳಲ್ಲಿಯೂ ಪ್ರಾವೀಣ್ಯವನ್ನು ಪಡೆದರು. ಉಭಯ ಗಾನ ವಿಶಾರದರೆಂಬ ಬಿರುದು ಅವರಿಗೆ ಸಾರ್ಥಕವಾಗಿ ಸಂದಿತು. ಕಂಠದೊಡನೆ ತಬಲೆ ಮೊದಲಾದ ವಾದ್ಯಗಳೂ ಅವರಿಗೆ ವಶವಾದವು.

ಇಲ್ಲಿಗೆ ಅವರ ಬಾಳಿನಲ್ಲಿ ಒಂದು ಕವಲುದಾರಿಯು ಬಂದಿತು. ಎರಡೂ ಪದ್ಧತಿಗಳನ್ನು ಬಲ್ಲ ತರುಣ ಗಾಯಕನಿಗೆ ಸಂಸ್ಥಾನಗಳಲ್ಲಿ ಮನ್ನಣೆಯೂ ಶ್ರೀಮಂತರಲ್ಲಿ ಸಂಭಾವನೆಯೂ ದೊರೆಯುವದು ಅಂದು ಕಠಿಣವಾಗಿರಲಿಲ್ಲ. ಬಡತನದಲ್ಲಿ ಹುಟ್ಟಿ ಪರಾಶ್ರಯದಲ್ಲಿ ಬೆಳೆದವನು ತನ್ನದೆಂಬ ಒಂದು ಮನೆಯನ್ನೂ ನೆಮ್ಮದಿಯ ಬಾಳನ್ನೂ ಬಯಸಿದ್ದರೆ ಅದನ್ನು ತಪ್ಪೆನ್ನುವವರು ಯಾರು? ಪಂಚಾಕ್ಷರಿಗಳು ಆ ದಾರಿಯನ್ನು ಹಿಡಿಯಲಿಲ್ಲ. ಶ್ರೀಗುರುವಿನ ಅಪ್ಪಣೆಯಂತೆ ಬ್ರಹ್ಮಚರ್ಯವನ್ನು ಕೈಕೊಂಡು, ತಮ್ಮಂತೆಯೇ ಅನಾಥರೂ ಅಂಧರೂ ಆದ ಬಾಲಕರಿಗೆ ಗಾನವಿದ್ಯೆಯನ್ನು ದಾನ ಮಾಡುವದಕ್ಕೆ ತಮ್ಮ ಆಯುಷ್ಯವನ್ನು ಮೀಸಲಿಟ್ಟರು. ಗುರುವಿನ ಋಣವನ್ನು ಗುರುವಿಗೇ ತೀರಿಸಲು ಯಾವ ಶಿಷ್ಯನಿಗೂ ಸಾಧ್ಯವಿಲ್ಲ. ಗುರುವಾದವನು ಬೇಡುವವನಲ್ಲ, ಅವನಿಗೆ ಕೊರತೆಯೆಂಬುದೂ ಇಲ್ಲ. ತನ್ನಂತೆ ದಾರಿಯಲ್ಲಿ ನಿಂತ ಇನ್ನೊಬ್ಬ ಬಾಲಕನಿಗೆ ಮಾತ್ರ ಅದನ್ನು ಸಲ್ಲಿಸಬಹುದು. ಗವಾಯಿಗಳವರ ಜೀವಿತದ ರಹಸ್ಯವೆಲ್ಲ ಈ ಒಂದು ಮಾತಿನಲ್ಲಿ ಅಡಗಿರುವದು.

ಅವರ ವಿದ್ಯಾದಾನವು ಶಿವಯೋಗಮಂದಿರದ ಆಶ್ರಯದಲ್ಲಿಯೂ, ನಿಡಗುಂದಿಕೊಪ್ಪದ ಶಾಖೆಯಲ್ಲಿಯೂ ಮೊದಲಾಯಿತು. ಮುಂದೆ ಅದು ಒಂದು ಸಂಚಾರೀ ಪಾಠಶಾಲೆಯ ರೂಪವನ್ನು ತಾಳಿತು. ಶಾಲೆಯೆಂದೊಡನೆ ನಮ್ಮ ಕಣ್ಣಿನ ಮುಂದೆ ಗೋಡೆ, ಹಂಚು, ಗಂಟೆಗಳು ಬರುವವು. ಗವಾಯಿಗಳವರ ಶಾಲೆಗೆ ಇವಾವುವೂ ಇರಲಿಲ್ಲ. ಗುರುವು ಎಲ್ಲಿ ಕುಳಿತರೆ ಅಲ್ಲಿಯೇ ಶಾಲೆ. ತಂಬೂರಿ, ತಬಲೆ, ಹಾರ್ಮೋನಿಯಮ್‌ಗಳೊಡನೆ ಗುರುಶಿಷ್ಯರ ತಂಡವು ಊರಿಂದೂರಿಗೆ ಸಾಗುತ್ತಿತ್ತು. ಒಂದು ಊರಿನ ಮಠದಲ್ಲಿ ಕೆಲವು ಕಾಲ, ಮತ್ತೊಂದು ಊರಿನ ಗುಡಿಯಲ್ಲಿ ಕೆಲವು ಕಾಲ ಬಿಡಾರ. ಭಕ್ತರು ಕೊಟ್ಟ ಜೋಳ, ಬೇಳೆ, ಕಾಸುಗಳಿಂದ ತಂಡದ ಯೋಗಕ್ಷೇಮವು ನಡೆಯಬೇಕು. ಮಳೆ ಬಾರದ ವರುಷ ರೈತನ ಕಣಜವು ಬರಿದಾದರೆ ಪಾಠಶಾಲೆಯ ಒಲೆಯೂ ತಣ್ಣಗಾಗುವದು. ಇಂಥ ಸ್ಥಿತಿಯಲ್ಲಿ ಶಿಷ್ಯರ ಸಂಖ್ಯೆಯನ್ನು ಕಡಿಮೆ ಮಾಡುವದು ಲೌಕಿಕರ ಜಾಣತನ. ಬಾಗಿಲಿಗೆ ಬಂದ ಬಾಲಕನನ್ನು ತಿರುಗಿ ಕಳುಹಿಸುವದು ಗವಾಯಿಗಳವರಿಂದಾಗಲಿಲ್ಲ. ತಿರುಗಿ ಹೋದ ಕುರುಡು ಹುಡುಗನು ಎಲ್ಲಿಗೆ ಹೋಗುವನೆಂಬುದು ಅವರಿಗೆ ಬೇರೆಯವರು ಹೇಳಬೇಕಾದ ವಿಷಯವಾಗಿರಲಿಲ್ಲ.

ಸಂಗೀತಗುರುವಿಗೆ ಈ ವಯಸ್ಸಿನ ಬಾಲಕರು ಒಂದು ದೊಡ್ಡ ಪರೀಕ್ಷೆಯೇ ಸರಿ. ಹನ್ನೆರಡು ವರುಷದ ವರೆಗೆ ಬೆಳ್ಳಿಯ ಗಂಟೆಯಂತೆ ನುಡಿಯುತ್ತಿದ್ದ ಕಂಠವು ಹದಿಮೂರು ಹದಿನಾಲ್ಕರ ಸುಮಾರಿಗೆ ಒಡೆದು ಗೊಗ್ಗರಾಗುವದು. ನಿನ್ನೆ ಸಲೀಸಾಗಿ ಏರುತ್ತಿದ್ದ ತಾರಸ್ಥಾಯಿಯು ಇಂದು ಕೈಗೆ ಸಿಕ್ಕದು. ಹುಡುಗನಿಗೆ ನಾಚಿಕೆ, ಅಸಮಾಧಾನ, ತನ್ನ ವಿದ್ಯೆಯೇ ಹೋಯಿತೆಂಬ ಭಯ. ಆ ಹೊತ್ತಿನಲ್ಲಿ ಗುರುವು ಅವಸರಪಟ್ಟು ಹಾಡಿಸಿದರೆ ಕಂಠವು ಕೆಡುವದು. ಉಪೇಕ್ಷಿಸಿದರೆ ಮನಸ್ಸು ಕೆಡುವದು. ಗವಾಯಿಗಳವರ ಪಾಠಕ್ರಮದಲ್ಲಿ ಗಾಯನ ಮತ್ತು ವಾದನಗಳು ಜೊತೆಜೊತೆಯಾಗಿಯೇ ನಡೆಯುತ್ತಿದ್ದುದರಿಂದ, ಕಂಠಕ್ಕೆ ವಿಶ್ರಾಂತಿ ಬೇಕಾದ ಕಾಲದಲ್ಲಿ ಕೈಗಳಿಗೆ ಕೆಲಸವಿರುತ್ತಿತ್ತು. ಕಂಠವು ಒಲಿಯದವನು ತಬಲಜಿಯಾಗಬಹುದು, ಪಿಟೀಲುಗಾರನಾಗಬಹುದು, ಹಾರ್ಮೋನಿಯಮ್ ನುಡಿಸಬಹುದು. ಒಂದು ಬಾಗಿಲು ಮುಚ್ಚಿದರೂ ಬಾಲಕನು ಹೊರಗೆ ಉಳಿಯಬಾರದೆಂಬ ಕಾಳಜಿಯು ಇದರಿಂದ ವ್ಯಕ್ತವಾಗುವದು. ವಿದ್ಯೆಯೊಡನೆ ಸ್ನಾನ, ಲಿಂಗಪೂಜೆ, ಸತ್ಯ, ಸಹನೆ, ಹಿರಿಯರಲ್ಲಿ ವಿನಯ, ಇವೂ ದಿನಚರಿಯಲ್ಲಿಯೇ ಬೆರೆತಿದ್ದವು.

ಅವರ ಶಿಷ್ಯರಲ್ಲಿ ಮೊದಲು ಹೇಳಬೇಕಾದ ಹೆಸರು ಪೂಜ್ಯ ಶ್ರೀ ಪುಟ್ಟರಾಜ ಗವಾಯಿಗಳವರದು. ೧೯೧೪ರಲ್ಲಿ ದೇವಗಿರಿಯಲ್ಲಿ ಜನಿಸಿದ ಈ ಬಾಲಕನು ಎಳೆತನದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡನು. ತಂದೆತಾಯಿಗಳ ಆಸರೆಯನ್ನೂ ಕಳೆದುಕೊಂಡನು. ಸೋದರಮಾವನು ಅವನನ್ನು ತಂದು ಗವಾಯಿಗಳವರ ಉಡಿಯಲ್ಲಿ ಹಾಕಿದನು. ಅಂಧ ಗುರುವಿಗೆ ಅಂಧ ಶಿಷ್ಯ. ಸ್ವರಸ್ಥಾನವನ್ನು ತೋರಿಸಲು ಗುರುವು ಶಿಷ್ಯನ ಬೆರಳನ್ನು ತನ್ನ ಬೆರಳಿನಿಂದಲೇ ಹಿಡಿದು ಕೂಡ್ರಿಸಬೇಕು. ತಪ್ಪನ್ನು ಕಿವಿಯಿಂದಲೇ ಕಾಣಬೇಕು. ಇಂಥ ಶಿಕ್ಷಣದಿಂದ ಆ ಬಾಲಕನು ಕರ್ನಾಟಕ ಹಿಂದುಸ್ಥಾನೀ ಪದ್ಧತಿಗಳೆರಡರಲ್ಲಿಯೂ ಗಾಯಕನಾದನು. ಹಾರ್ಮೋನಿಯಮ್, ತಬಲೆ, ಸಾರಂಗಿ, ಪಿಟೀಲು ಮೊದಲಾದ ಅನೇಕ ವಾದ್ಯಗಳಲ್ಲಿ ನಿಪುಣನಾದನು. ಕನ್ನಡ, ಸಂಸ್ಕೃತ, ಹಿಂದಿ ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದ ಕವಿಯೂ ಆದನು. ಮೂಲೆಯಲ್ಲಿ ಕುಳಿತಿರಬೇಕಾಗಿದ್ದ ಬಾಲಕನು ನಾಡಿಗೆ ಗುರುವಾದನು.

ಎರಡನೆಯ ನಿದರ್ಶನವು ಶ್ರೀ ಬಸವರಾಜ ರಾಜಗುರುಗಳದು. ಯಲಿವಾಳದ ಈ ಬಾಲಕನಿಗೆ ಕಣ್ಣಿದ್ದವು, ಕಂಠವಿತ್ತು, ಮೊದಲ ಗುರುವಾಗಿ ಸಂಗೀತವನ್ನು ಬಲ್ಲ ತಂದೆಯೇ ಇದ್ದನು. ಆದರೆ ಹದಿಮೂರರ ಪ್ರಾಯದಲ್ಲಿ ತಂದೆಯು ತೀರಿಕೊಂಡದ್ದರಿಂದ ಆಸರೆಯು ಕಡಿದುಹೋಯಿತು. ಆ ನಿಲುಗಡೆಯಲ್ಲಿಯೇ ಗವಾಯಿಗಳವರು ಅವನನ್ನು ಕೈಹಿಡಿದು ಕರೆದುಕೊಂಡರು. ೧೯೩೬ನೆಯ ಇಸವಿಯಲ್ಲಿ ಹಂಪೆಯಲ್ಲಿ ವಿಜಯನಗರ ಸಾಮ್ರಾಜ್ಯದ ಆರುನೂರನೆಯ ವರ್ಷದ ಉತ್ಸವವು ಜರುಗಿತು. ಬಸವರಾಜನ ಮೊದಲನೆಯ ಬಹಿರಂಗ ಗಾಯನವು ಆ ಮಹಾಸಭೆಯಲ್ಲಿ ನಡೆಯಿತು. ಅಂದು ಅವನಿಗೆ ತಬಲೆಯ ಸಾಥಿಯನ್ನು ಮಾಡಿದವರು ಸ್ವತಃ ಗುರುಗಳಾದ ಪಂಚಾಕ್ಷರಿ ಗವಾಯಿಗಳವರು! ವೇದಿಕೆಯ ನಡುವೆ ಶಿಷ್ಯನು, ಪಕ್ಕದಲ್ಲಿ ಗುರುವು. ಮುಂದೆ ನಿಂತು ಹೊಗಳಿಸಿಕೊಳ್ಳಬೇಕಾದವರು ಪಕ್ಕಕ್ಕೆ ಸರಿದು ಲಯವನ್ನು ಹಿಡಿದು ಕುಳಿತರು. ಎಳೆಯನು ಎಡವದಂತೆ ಕಾಯ್ದರು. ಗುರುತ್ವವೆಂದರೇನೆಂಬುದಕ್ಕೆ ಇದಕ್ಕಿಂತ ಮಿಗಿಲಾದ ವ್ಯಾಖ್ಯಾನವು ಬೇಕಿಲ್ಲ.

ಅಷ್ಟೇ ಅಲ್ಲ, ಹೀಗೆ ಬೆಳೆದ ಶಿಷ್ಯನು ತಮ್ಮ ಹತ್ತಿರವೇ ಇರಬೇಕೆಂಬ ಮೋಹವನ್ನು ಅವರು ಇಟ್ಟುಕೊಳ್ಳಲಿಲ್ಲ. ರಾಜಗುರುಗಳು ಮುಂದೆ ಮುಂಬಯಿಗೆ ಹೋಗಿ ಸವಾಯಿ ಗಂಧರ್ವ, ಸುರೇಶಬಾಬು ಮಾನೆ ಮೊದಲಾದ ಹಲವರು ವಿದ್ವಾಂಸರಲ್ಲಿ ಕಲಿತರು. ಗುರುವಿನ ಗುರುಗಳಾದ ನೀಲಕಂಠಬುವಾ ಅವರಲ್ಲಿಯೂ ಕಲಿತರು. ೧೯೭೫ರಲ್ಲಿ ಪದ್ಮಶ್ರೀ, ೧೯೯೧ರಲ್ಲಿ ಪದ್ಮಭೂಷಣ ಪ್ರಶಸ್ತಿಗಳನ್ನು ಪಡೆದು ಅದೇ ವರುಷ ದಿವಂಗತರಾದ ಆ ಮಹಾಗಾಯಕರು ಖ್ಯಾಲಿನೊಡನೆ ಶರಣರ ವಚನಗಳನ್ನೂ ನಾಡಿನ ಮೂಲೆಮೂಲೆಗೆ ಮುಟ್ಟಿಸಿದರು. ಧರ್ಮವು ಕಿವಿಯ ಮಾರ್ಗವಾಗಿ ಹೃದಯವನ್ನು ಸೇರಬೇಕೆಂಬ ಶ್ರೀ ಕುಮಾರ ಸ್ವಾಮಿಗಳವರ ಬಯಕೆಯು ಶಿಷ್ಯನ ಶಿಷ್ಯನಲ್ಲಿ ಹೀಗೆ ಫಲಿಸಿತು.

ವಚನಗಾಯನಕ್ಕೆ ಹೆಸರಾದ ಶ್ರೀ ಸಿದ್ಧರಾಮ ಜಂಬಲದಿನ್ನಿ, ಶ್ರೀ ಅರ್ಜುನಸಾ ನಾಕೋಡ ಮೊದಲಾದವರೂ ಗವಾಯಿಗಳವರ ಶಿಷ್ಯವರ್ಗದವರೇ. ಗಾನದ ಪಂಕ್ತಿಯಲ್ಲಿ ಮತಭೇದ ಜಾತಿಭೇದಗಳಿಗೆ ಎಡೆಯಿರಲಿಲ್ಲವೆಂಬುದು ಈ ಹೆಸರುಗಳಿಂದಲೇ ವಿಶದವಾಗುವದು. ಆದರೆ ಹೆಸರಾದವರನ್ನು ಮಾತ್ರ ಎಣಿಸಿ ಗುರುವಿನ ಕಾರ್ಯವನ್ನು ಅಳೆಯುವದು ನ್ಯಾಯವಲ್ಲ. ಹೆಸರಾಗದೆ ಉಳಿದವರೇ ಹೆಚ್ಚು. ಯಾವುದೋ ಊರಿನಲ್ಲಿ ಪುರಾಣಕ್ಕೆ ಹಾರ್ಮೋನಿಯಮ್ ನುಡಿಸುವವನು, ಯಾವುದೋ ಪೇಟೆಯಲ್ಲಿ ಮಕ್ಕಳಿಗೆ ಸರಿಗಮ ಹೇಳಿಕೊಡುವವನು, ಕೀರ್ತನಕಾರನಿಗೆ ತಬಲೆಯ ಸಾಥಿ ಕೊಡುವವನು, ಭಜನೆಯ ಮೇಳವನ್ನು ಕಟ್ಟಿದವನು, ಇಂಥವರ ಚರಿತ್ರೆಯನ್ನು ಯಾರೂ ಬರೆಯುವದಿಲ್ಲ. ಇವರು ಕಾಯಕದಿಂದ ಉಂಡರು, ಕೈಯೊಡ್ಡಿ ಉಣ್ಣಲಿಲ್ಲ. ಕಾಯಕವನ್ನೇ ಕೈಲಾಸವೆಂದು ನಂಬಿದ ಶರಣಧರ್ಮದಲ್ಲಿ ಇದಕ್ಕಿಂತ ದೊಡ್ಡ ಪದವಿಯು ಇನ್ನಾವುದಿದೆ? ನೂರು ಬಾಲಕರಲ್ಲಿ ಒಬ್ಬನನ್ನು ಜಗದ್ವಿಖ್ಯಾತನನ್ನಾಗಿ ಮಾಡುವದು ಗುರುವಿನ ಕೀರ್ತಿ. ಉಳಿದ ತೊಂಬತ್ತೊಂಬತ್ತು ಬಾಲಕರು ತಲೆಯೆತ್ತಿ ಬಾಳುವಂತೆ ಮಾಡುವದು ಗುರುವಿನ ಧರ್ಮ. ಗವಾಯಿಗಳವರು ಆ ಧರ್ಮವನ್ನು ತಪ್ಪದೆ ನಡೆಯಿಸಿದರು.

೧೯೩೦ರಲ್ಲಿ ಶ್ರೀ ಕುಮಾರ ಮಹಾಸ್ವಾಮಿಗಳವರು ಶಿವಯೋಗಮಂದಿರದಲ್ಲಿ ಲಿಂಗೈಕ್ಯರಾದರು. ಗವಾಯಿಗಳವರಿಗೆ ತಾಯಿ, ತಂದೆ, ಗುರು ಮೂವರೂ ಒಮ್ಮೆಲೇ ಅಗಲಿದಂತಾಯಿತು. ಬೆನ್ನ ಹಿಂದೆ ನಿಂತಿದ್ದ ಬಲವು ಮರೆಯಾದರೂ ಮುಂದೆ ನಿಂತಿದ್ದ ಬಾಲಕರ ಹಸಿವು ಮರೆಯಾಗಲಿಲ್ಲ. ಶಿಷ್ಯರ ಅನ್ನವಸ್ತ್ರಗಳಿಗಾಗಿ ಅವರು ನಾಟಕ ಮಂಡಳಿಯನ್ನು ಕಟ್ಟಿ ನಡೆಯಿಸಿದರು. ವಿರಕ್ತವೃತ್ತಿಯ ಗಾನಯೋಗಿಗಳಿಗೆ ನಾಟಕದ ಗೊಡವೆಯೇಕೆಂದು ಕೇಳುವವರಿಗೆ, ಊಟದ ಹೊತ್ತಿಗೆ ಎಲೆಯ ಮುಂದೆ ಕುಳಿತ ಆ ಬಾಲಕರೇ ಉತ್ತರವಾಗಿದ್ದರು. ಅಂದಿನ ಕನ್ನಡ ರಂಗಭೂಮಿಯು ಸಂಗೀತಪ್ರಧಾನವಾದುದರಿಂದ ಕಲಿತ ಹುಡುಗರಿಗೆ ಅಲ್ಲಿಯೇ ಕೆಲಸವೂ ಅಭ್ಯಾಸವೂ ದೊರೆತವು. ಮಂಡಳಿಗೆ ನಷ್ಟವಾದರೆ ಸಾಲದ ಹೊರೆಯು ಗುರುವಿನ ತಲೆಯ ಮೇಲೆ. ಲಾಭವಾದರೆ ಅದು ಶಿಷ್ಯರ ಹೊಟ್ಟೆಗೆ. ಇದೇ ಅವರ ಲೆಕ್ಕಪತ್ರವಾಗಿದ್ದಿತು.

ಹೀಗೆ ಅಲೆದಲೆದು ದಣಿದ ಪಾಠಶಾಲೆಗೆ ಕಡೆಗೆ ನೆಲೆಯು ದೊರೆತದ್ದು ಗದಗಿನಲ್ಲಿ. ಕುಮಾರವ್ಯಾಸನು ಭಾರತವನ್ನು ರಚಿಸಿದ ಪುಣ್ಯಕ್ಷೇತ್ರವೂ, ಹತ್ತಿಯ ವ್ಯಾಪಾರದಿಂದ ಸಮೃದ್ಧವಾದ ಪೇಟೆಯೂ ಆಗಿದ್ದ ಆ ಊರಿನಲ್ಲಿ ದಾನಶೀಲರಾದ ಶ್ರೀ ಬಸರಿಗಿಡದ ವೀರಪ್ಪನವರು ಆಶ್ರಮಕ್ಕೆ ಸ್ಥಳವನ್ನು ಒದಗಿಸಿಕೊಟ್ಟರು. ಅದೇ ಶ್ರೀ ವೀರೇಶ್ವರ ಪುಣ್ಯಾಶ್ರಮ. ಅಲ್ಲಿ ಜಾತಿಯನ್ನು ಕೇಳುವವರಿಲ್ಲ, ಶುಲ್ಕವನ್ನು ಕೇಳುವವರಿಲ್ಲ. ದಾತರ ಮನೆತನವು ಕೊಟ್ಟದ್ದು ಒಂದು ತುಂಡು ನೆಲ. ಅದರ ಮೇಲೆ ಬೆಳೆದ ಬೆಳೆಯು ನಾಡಿನ ಕಣ್ಣಮುಂದಿದೆ. ಸತ್ಪಾತ್ರದಲ್ಲಿ ಬಿತ್ತಿದ ದಾನದ ಬೀಜವು ಹೇಗೆ ಫಲಿಸುವದೆಂಬುದಕ್ಕೆ ಭಕ್ತರು ಇದನ್ನು ನೆನೆಯಬಹುದು.

೧೯೪೪ನೆಯ ಇಸವಿ ಜೂನ್ ೧೧ರಂದು ಶ್ರೀ ಪಂಚಾಕ್ಷರಿ ಗವಾಯಿಗಳವರು ಲಿಂಗದಲ್ಲಿ ಬೆರೆತರು. ಅವರಿಗೆ ಆಗ ಐವತ್ತೆರಡು ವರುಷ. ಬಿಟ್ಟುಹೋದ ಆಸ್ತಿಯೆಂದರೆ ವಾದ್ಯಗಳು ಮತ್ತು ಬಾಲಕರು. ಆ ಭಾರವನ್ನು ಮೂವತ್ತರ ಹರೆಯದ ಪುಟ್ಟರಾಜರು ಹೊತ್ತುಕೊಂಡರು. ೧೯೪೪ರಿಂದ ೨೦೧೦ರ ಸೆಪ್ಟೆಂಬರದಲ್ಲಿ ತಾವು ಲಿಂಗೈಕ್ಯರಾಗುವ ವರೆಗೆ, ಅರವತ್ತಾರು ವರುಷಗಳ ದೀರ್ಘಕಾಲ, ಅವರು ಗುರುವಿನ ಪಾಠಶಾಲೆಯ ದೀಪವನ್ನು ಆರಗೊಡಲಿಲ್ಲ. ಆ ೨೦೧೦ರಲ್ಲಿಯೇ ಅವರಿಗೆ ಪದ್ಮಭೂಷಣ ಪ್ರಶಸ್ತಿಯು ಸಂದಿತು. ಗುರುವಿನ ಜೀವನವನ್ನು ಕುರಿತು ೧೯೯೫ರಲ್ಲಿ ಚಲಚ್ಚಿತ್ರವೊಂದು ಹೊರಬಂದು ರಾಷ್ಟ್ರಪ್ರಶಸ್ತಿಗಳನ್ನು ಪಡೆಯಿತು. ಅಂಧರೂ ಬಡವರೂ ಆದ ಮಕ್ಕಳಿಗೆ ಅನ್ನ, ಆಶ್ರಯ, ವಿದ್ಯೆಗಳನ್ನು ನೀಡುವ ಕಾರ್ಯವು ಪುಣ್ಯಾಶ್ರಮದಲ್ಲಿ ಇಂದಿಗೂ ನಡೆದುಕೊಂಡು ಬಂದಿದೆ. ಕಾಡಶೆಟ್ಟಿಹಳ್ಳಿಯ ಒಬ್ಬ ಬಾಲಕನನ್ನು ಕೈಹಿಡಿದ ಪುಣ್ಯವು ಮೂರು ತಲೆಮಾರುಗಳನ್ನು ದಾಟಿ ಹರಿಯುತ್ತಿರುವದು.

ಸದ್ಭಕ್ತರೇ, ಮಹೋತ್ಸವದ ಕಾಲದಲ್ಲಿ ಮಠಕ್ಕೆ ಎಷ್ಟು ಕಟ್ಟಡಗಳಾದವು, ಎಷ್ಟು ಎಕರೆ ಭೂಮಿಯು ಸೇರಿತು, ಎಷ್ಟು ರಥಗಳು ಎಳೆಯಲ್ಪಟ್ಟವು ಎಂದು ಲೆಕ್ಕ ಹಾಕುವದು ಲೋಕದ ರೂಢಿ. ಅದು ತಪ್ಪಲ್ಲ. ಅದರೊಡನೆ ಇನ್ನೊಂದು ಲೆಕ್ಕವನ್ನೂ ಹಾಕಬೇಕು. ಶ್ರೀಮಠದ ಪ್ರಸಾದನಿಲಯದಲ್ಲಿ ಉಂಡು ಬೆಳೆದ ಬಾಲಕರಲ್ಲಿ ಎಷ್ಟು ಜನರು ಇನ್ನೊಬ್ಬ ಬಾಲಕನ ಕೈಹಿಡಿದರು? ಪಂಕ್ತಿಯಲ್ಲಿ ಕುಳಿತು ಉಂಡವನು ಒಂದು ದಿನ ಎದ್ದು ಬಡಿಸುವವನಾಗದಿದ್ದರೆ ದಾಸೋಹದ ಪರಂಪರೆಯು ಅವನಲ್ಲಿಗೇ ನಿಂತುಹೋಗುವದು. ಗವಾಯಿಗಳವರಿಗೆ ಕಣ್ಣಿರಲಿಲ್ಲ, ಹಣವಿರಲಿಲ್ಲ, ಬಹುಕಾಲದ ವರೆಗೆ ಮನೆಯೂ ಇರಲಿಲ್ಲ; ಆದರೂ ಅವರು ಬಡಿಸುವದನ್ನು ನಿಲ್ಲಿಸಲಿಲ್ಲ. ಇವೆಲ್ಲವೂ ಇರುವ ನಮಗೆ ನೆವಗಳನ್ನು ಹೇಳುವ ಅಧಿಕಾರವಿಲ್ಲ. ನಮ್ಮ ನಮ್ಮ ಊರುಗಳಲ್ಲಿ ತಂದೆಯನ್ನು ಕಳೆದುಕೊಂಡು ಶಾಲೆಯನ್ನು ಬಿಟ್ಟ ಹದಿಮೂರರ ಹುಡುಗನಿರಬಹುದು. ಕಣ್ಣಿಲ್ಲದೆ ಕಟ್ಟೆಯ ಮೇಲೆ ಕುಳಿತ ಮಗುವಿರಬಹುದು. ಅಂಥ ಒಬ್ಬನನ್ನು ಗುರುತಿಸಿ ವಿದ್ಯೆಯ ಬಾಗಿಲಿಗೆ ಮುಟ್ಟಿಸಿದರೆ ಈ ಉತ್ಸವದ ಆಚರಣೆಯು ಸಫಲವಾದಂತೆಯೇ ಸರಿ. ಅಂಥ ಸದ್ಬುದ್ಧಿಯನ್ನು ಶ್ರೀಗುರು ಬಸವೇಶ್ವರನೂ ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳವರೂ ನಮ್ಮೆಲ್ಲರಿಗೆ ಕರುಣಿಸಲೆಂದು ಪ್ರಾರ್ಥಿಸಿ ಈ ಪುಣ್ಯಚರಿತ್ರೆಯನ್ನು ಶ್ರೀಮಠದ ಅಡಿದಾವರೆಗಳಿಗೆ ಅರ್ಪಿಸುತ್ತೇವೆ.

ಶುಭಂ ಭವತು.